ಹುಟ್ಟಿದ ತಾರೀಖಿನ ತಪ್ಪು

ಸುವರ್ಣಾ ಬಾಗಿಲು ತಳ್ಳಿದ ರಭಸಕ್ಕೆ ಆನ್‌ಲೈನ್ ಸೆಂಟರಿನ ಬೆಂಚಿನ ಮೇಲೆ ಕಾಯುತ್ತ ಕೂತಿದ್ದ ನಾಲ್ಕು ಜನ ತಲೆಯೆತ್ತಿ ನೋಡಿದರು. ಅವಳು ಯಾರನ್ನೂ ನೋಡಲಿಲ್ಲ. ನೇರ ಹೋಗಿ ಕಂಪ್ಯೂಟರಿನ ಮುಂದೆ ಕೂತವನ ಎದುರಿಗೆ ಫೈಲು ಇಟ್ಟಳು.

"ಹದಿನೈದು ದಿನದ ಹಿಂದ ನನ್ನ ಬಿ.ಫಾರ್ಮ್ ಅರ್ಜಿ ನೀವ ತುಂಬಿದ್ರಿ. ನೆನಪೈತೇನು?"

"ಐತ್ರಿ," ಅಂದ ಸಂಗನಬಸವ. ಹೆಸರು ಹೇಳುವ ಮೊದಲೇ ಅಂದ. ಅಂದು ಕಣ್ಣು ಕೀಬೋರ್ಡಿಗೆ ಇಳಿಸಿದ.

"ಹುಟ್ಟಿದ ತಾರೀಖು ಉಲ್ಟಾ ಹೊಡೆದೀರಿ. ಮಾರ್ಕ್ಸ್ ಕಾರ್ಡಿನ್ಯಾಗ ಏಳು ಹನ್ನೆರಡು ಐತಿ, ಡಿಸೆಂಬರ್ ಏಳು. ನೀವು ಹನ್ನೆರಡು ಏಳು ಮಾಡೀರಿ. ಕಾಗದ ಪರಿಶೀಲನೆಗೆ ಹೋದ್ರ ಎಲ್ಲಾರ ಮುಂದ ಫೈಲು ವಾಪಸ್ ಕೊಟ್ರು."

ವಿಜಯಪುರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿದ್ದ ಆ ಸೆಂಟರನ್ನು ಅವಳು ಆರಿಸಿಕೊಂಡದ್ದೇ ಅಲ್ಲಿ ಅವಸರ ಮಾಡುವುದಿಲ್ಲ ಎಂಬ ಕಾರಣಕ್ಕೆ. ಅರ್ಜಿ ಹಾಕಿದ ದಿನ ಅವಳು ಪ್ರತಿ ಸಾಲನ್ನೂ ಅವನಿಂದ ಓದಿಸಿ ಕೇಳಿದ್ದಳು. ಘೋಷಣೆಯ ಸಣ್ಣ ಅಕ್ಷರಗಳನ್ನು ಕೂಡ ಬಿಟ್ಟಿರಲಿಲ್ಲ. ಅವನೂ ಬೇಸರಿಸದೆ ಓದಿದ್ದ, ನಡುನಡುವೆ ಅವಳತ್ತ ನೋಡಿ ಒಳಗೊಳಗೇ ನಕ್ಕಿದ್ದ. ಎಲ್ಲ ಸರಿ ಇದೆ ಎಂದು ತಾನೇ ಕಣ್ಣಾರೆ ಕಂಡಿದ್ದ ಅರ್ಜಿ ಇದು. ಹಾಗಾದರೆ ತಾನು ಎದ್ದ ಮೇಲೆ ಇವನು ಏನೋ ಒತ್ತಿರಬೇಕು.

ಹಿಂದಿನಿಂದ ಅಪ್ಪ ಬಸಲಿಂಗಯ್ಯ ಒಳಗೆ ಬಂದರು. ತಿಕೋಟಾದ ಮಣೂಕದ, ಅಂದರೆ ಒಣದ್ರಾಕ್ಷಿಯ, ಗೋದಾಮಿನಲ್ಲಿ ಸೂಪರ್‌ವೈಜರ್ ಆಗಿದ್ದ ಅವರು ಮಗಳಿಗಾಗಿ ಒಂದು ದಿನ ರಜೆ ಹಾಕಿದ್ದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಮಾತು ಆಡಿದ್ದರು: ಇದ್ದ ಕೆಲಸ ಬಿಟ್ಟಿ, ಇನ್ನ ಮುಂದ ಏನು.

ಫಾರ್ಮಸಿ ಡಿಪ್ಲೊಮಾದ ಪರೀಕ್ಷೆ ಮುಗಿಸಿ ಸುವರ್ಣಾ ತಿಕೋಟಾದ ಒಂದು ಮೆಡಿಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಮ್ಮೆ ಸಾವಂತ್ರವ್ವ ಎಂಬ ಮುದುಕಿ ಇಬ್ಬರು ಡಾಕ್ಟರರ ಎರಡು ಚೀಟಿ ತಂದಳು. ಒಂದರಲ್ಲಿ ಬರೆದ ಗುಳಿಗೆ, ಇನ್ನೊಂದರಲ್ಲಿ ಬರೆದ ಗುಳಿಗೆ, ಹೆಸರು ಬೇರೆಬೇರೆ, ಒಳಗಿನ ನೋವಿನ ಔಷಧ ಒಂದೇ. ಎರಡೂ ನುಂಗಿದರೆ ಮುದುಕಿಯ ಹೊಟ್ಟೆ ಉಳಿಯುತ್ತಿರಲಿಲ್ಲ. ಸುವರ್ಣಾ ತಡೆದಳು. ಮಾಲಕ ಗದರಿದ: "ಡಾಕ್ಟರ್ ಬರದಾರ, ನೀ ಕೊಡು. ಕೇಳಾಕ ನೀ ಯಾರು?" ಆ ಪ್ರಶ್ನೆ ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಕೇಳುವಷ್ಟು ಓದಬೇಕು ಅಂದುಕೊಂಡಳು. ಡಿಪ್ಲೊಮಾ ಆದವರು ಪದವಿಯ ಎರಡನೇ ವರ್ಷಕ್ಕೆ ನೇರ ಸೇರಬಹುದಿತ್ತು.

ಮೊದಲ ಸಲ ಡಿಪ್ಲೊಮಾದ ಫಲಿತಾಂಶ ತಡವಾಗಿ ಬಂದು ಅರ್ಜಿಯ ಗಡುವು ಮೀರಿತ್ತು. ಎರಡನೇ ಸಲ ಪರಿಶೀಲನೆಯ ದಿನ ಅವಳು ಟೈಫಾಯ್ಡ್ ಜ್ವರದಲ್ಲಿ ಮಲಗಿದ್ದಳು. ಇದು ಮೂರನೇ ಸಲ. ಈ ಸಲ ಸೀಟು ಸಿಕ್ಕೇ ಸಿಗುತ್ತದೆ ಎಂಬ ಧೈರ್ಯದಲ್ಲಿ ಕೆಲಸವನ್ನೂ ಬಿಟ್ಟಿದ್ದಳು. ಅಂಗಡಿಯ ಮಾಲಕ ಆಗಲೇ ಬೇರೆಯವರನ್ನು ತಂದುಕೊಂಡಿದ್ದ.

"ತಪ್ಪು ಯಾರದಪಾ?" ಬಸಲಿಂಗಯ್ಯ ನೇರ ಕೇಳಿದರು. "ಇಕಿದೋ, ನಿಂದೋ? ಒಂದು ಅರ್ಜಿ ತುಂಬಾಕ ಬರಂಗಿಲ್ಲ ಅಂದ್ರ ಇಕಿ ಮುಂದ ಏನ್ ಓದ್ತಾಳ ಅಂತ ನನಗ ತಿಳೀವಲ್ದು."

ಸಂಗನಬಸವ ಒಂದು ಗಳಿಗೆ ಮಾನಿಟರಿನ ಪಕ್ಕದ ಟ್ರೇ ಕಡೆ ನೋಡಿದ. ಮತ್ತೆ ಸುವರ್ಣಾಳ ಮುಖ ನೋಡಿದ.

"ನಂದ್ರಿ," ಅಂದ. "ತಪ್ಪು ನಂದು. ನಾನ ಸರಿ ಮಾಡಿ ಕೊಡತೇನಿ."

"ಸರಿ ಮಾಡತೇನಿ ಅಂದ್ರ ಆತು?" ಸುವರ್ಣಾ ಬೆಂಚಿನಲ್ಲಿ ಕೂತವರ ಕಡೆ ತಿರುಗಿದಳು. "ನೀವೂ ಅರ್ಜಿ ಹಾಕಾಕ ಬಂದೀರೇನ್ರಿ? ನೋಡಿ ಹಾಕ್ರಿ."

ಇಬ್ಬರು ಎದ್ದು ಹೋದರು. ಸಂಗನಬಸವ ಅವಳ ಫೈಲು ಬಿಚ್ಚಿದ.

*

ತಿದ್ದುಪಡಿಗೆ ಮೂರು ದಿನ ಇತ್ತು. ಅದರ ಜೊತೆಗೆ ಇನ್ನೊಂದು ತೊಡಕು. ಒಂದರಿಂದ ಏಳನೇ ಇಯತ್ತೆಯವರೆಗೆ ಅವಳು ಅಜ್ಜಿ ಮುರಿಗೆವ್ವನ ಮನೆಯಲ್ಲಿದ್ದು ಬಬಲೇಶ್ವರದ ಶಾಲೆಯಲ್ಲಿ ಓದಿದ್ದಳು. ಆ ಸಾಲಿಯ ವ್ಯಾಸಂಗ ಪ್ರಮಾಣಪತ್ರದ ಮೇಲೆ ಶಿಕ್ಷಣಾಧಿಕಾರಿಯ ಸಹಿ ಇರಲಿಲ್ಲ, ಸಾಲಿಯ ಶಿಕ್ಕೆಯ ಮುದ್ರೆಯೂ ಅಳಿಸಿಹೋಗಿತ್ತು. ಹೊಸದು ತರಬೇಕು, ಸಹಿ ಮಾಡಿಸಬೇಕು, ಎಲ್ಲವನ್ನೂ ಮೂರನೇ ದಿನ ಸಂಜೆ ಐದೂವರೆಯೊಳಗೆ ವೆಬ್‌ಸೈಟಿಗೆ ಏರಿಸಬೇಕು.

ಮೊದಲ ದಿನ ವೆಬ್‌ಸೈಟು ತೆರೆಯಲೇ ಇಲ್ಲ. ತೆರೆಯ ಮೇಲೆ ಒಂದು ಬಿಳಿ ಚಕ್ರ ತಿರುಗುತ್ತಲೇ ಇತ್ತು. ಅಪ್ಪ ಕಾದು ಕಾದು ತಿಕೋಟಾಕ್ಕೆ ಹೊರಟುಹೋದರು.

"ಚಹಾ ತರಸಲೇನ್ರಿ?" ಸಂಗನಬಸವ ಕೇಳಿದ.

"ನನಗ ಚಹಾ ಬ್ಯಾಡ. ತಾರೀಖು ಬೇಕು."

"ತಾರೀಖು ತರಸಾಕ ಬರೂದಿಲ್ರಿ. ಚಹಾ ಬರತೈತಿ."

ನಗಬಾರದು ಎಂದು ಅವಳು ತುಟಿ ಬಿಗಿಹಿಡಿದಳು. ಅವನು ಅದನ್ನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು, ಸಿಟ್ಟು ಇನ್ನಷ್ಟು ಏರಿತು. ಚಹಾ ಬಂದಾಗ ಮಾತ್ರ ಕುಡಿದಳು. ಶುಂಠಿ ಹಾಕಿ ಚೆನ್ನಾಗಿ ಕುದಿಸಿದ ಚಹಾ ಅದು.

ಎರಡನೇ ದಿನ ಅವಳು ಬಸ್ಸು ಹಿಡಿದು ಬಬಲೇಶ್ವರಕ್ಕೆ ಹೋದಳು. ಬೈಕಿನ ಮೇಲೆ ಬಿಡುತ್ತೇನೆ ಅಂದವನಿಗೆ ಬೇಡ ಅಂದಿದ್ದಳು. ಸಾಲಿಯ ಪಡಸಾಲೆ ಮುಟ್ಟಿದರೆ ಅವನು ಆಗಲೇ ಅಲ್ಲಿ ಕೂತಿದ್ದ, ಹೆಲ್ಮೆಟ್ಟು ತೊಡೆಯ ಮೇಲೆ.

"ನೀವು ಯಾಕ ಬಂದ್ರಿ? ಅಂಗಡಿ?"

"ಮುಚ್ಚೇನಿ. ತಪ್ಪು ನಂದೈತಲ್ರಿ, ಅದಕ್ಕ." ಎದ್ದು ನಿಂತ. "ಆದ್ರ ಹೆಡ್ ಮಾಸ್ತರ್ರು ಇಲ್ರಿ. ಟ್ರೇನಿಂಗಿಗೆ ಹೋಗ್ಯಾರ."

"ಎಲ್ಲಿಗೆ?"

ಅವನು ಹೇಳಲು ಹಿಂದುಮುಂದು ನೋಡಿದ. "ವಿಜಯಪುರಕ್ಕ."

ಸುವರ್ಣಾ ಪಡಸಾಲೆಯ ಮೆಟ್ಟಿಲ ಮೇಲೆ ದೊಪ್ಪನೆ ಕೂತಳು. ಅವರು ಬರುವುದು ನಾಲ್ಕಕ್ಕೆ. ಆಗಿನ್ನೂ ಹನ್ನೊಂದು ಗಂಟೆ. ಒಳಗೆ ಹುಡುಗರು ಮಗ್ಗಿ ಒದರುತ್ತಿದ್ದರು. ಅಳಬೇಕು ಅನ್ನಿಸಿತು, ಆದರೆ ಇವನ ಮುಂದೆ ಅಳುವುದಕ್ಕಿಂತ ಬೈಯುವುದು ಸುಲಭ.

"ಎಲ್ಲಾ ನಿಮ್ಮಿಂದ," ಅಂದಳು.

"ಹೌದ್ರಿ," ಅಂದ ಅವನು, ಮತ್ತು ಎರಡು ಮೆಟ್ಟಿಲು ಕೆಳಗೆ ಕೂತ.

ಸುದ್ದಿ ಅಜ್ಜಿಗೆ ಹೇಗೆ ಮುಟ್ಟಿತೋ, ಮಧ್ಯಾಹ್ನಕ್ಕೆ ಮುರಿಗೆವ್ವ ರೊಟ್ಟಿಯ ಗಂಟು ಹಿಡಿದು ಬಂದಳು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯ ಚಟ್ನಿಪುಡಿ. ಮೊಮ್ಮಗಳಿಗೆ ಬಡಿಸುತ್ತ ಕೆಳಗಿನ ಮೆಟ್ಟಿಲಲ್ಲಿ ಕೂತವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಾರಬೇ ಈ ಹುಡುಗ?"

"ಅರ್ಜಿ ಕೆಡಿಸಿದಾಂವ."

"ಕೆಡಿಸಿದಾಂವ ಬಿಸಲಾಗ ಯಾಕ ಕುಂತಾನ?" ಮುರಿಗೆವ್ವ ಎರಡು ರೊಟ್ಟಿ ಅವನ ಕೈಗೆ ಹಾಕಿದಳು. "ತಿನ್ನಪಾ. ಇಕಿ ಸಣ್ಣಾಕಿದ್ದಾಗಿಂದ ಹಿಂಗ. ಸಿಟ್ಟ ಮೂಗಿನ ಮ್ಯಾಲೆ."

"ಗೊತ್ತಾತ್ರಿ, ಅಮ್ಮಾ," ಅಂದ ಅವನು ಗಂಭೀರವಾಗಿ. ಅಜ್ಜಿ ನಕ್ಕಳು. ಸುವರ್ಣಾ ಹಿಂಡಿಯ ಖಾರಕ್ಕೋ ಏನೋ ಮುಖ ಕೆಂಪಾಗಿಸಿಕೊಂಡು ಬೇರೆ ಕಡೆ ನೋಡಿದಳು.

ಅಜ್ಜಿ ಹೋದ ಮೇಲೆ ಕಾಯುವುದು ಇನ್ನೂ ಉದ್ದವಾಯಿತು. ಬೇರೆ ದಾರಿ ಇಲ್ಲದೆ ಇಬ್ಬರೂ ಮಾತಾಡಿದರು. ಅವಳು ಸಾವಂತ್ರವ್ವನ ಎರಡು ಚೀಟಿಯ ಕತೆ ಹೇಳಿದಳು. ಮನೆಯಲ್ಲಿ ಎಲ್ಲರೂ ಆ ಕತೆಯನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಅವನು ಪೂರ್ತಿ ಕೇಳಿ, "ಆ ಅಮ್ಮ ಈಗ ಹೆಂಗದಾರ?" ಅಂತ ಕೇಳಿದ. ಆ ಮಾತನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

"ಚಲೋ ಅದಾಳ," ಅಂದಳು. "ಬಜಾರದಾಗ ಕಂಡ್ರ ನನ್ನ ಗಲ್ಲ ಹಿಡೀತಾಳ."

ನಾಲ್ಕೂವರೆಗೆ ಹೆಡ್ ಮಾಸ್ತರ್ ನಂದಕಿಶೋರ ಬಂದರು. ಪಾಪ, ಬಂದವರೇ ನೀರು ಕೂಡ ಕುಡಿಯದೆ ಹಳೆಯ ದಾಖಲಾತಿ ರಜಿಸ್ಟರು ತೆಗೆಸಿ ಕನ್ನಡಕ ಏರಿಸಿದರು.

"ಹೆಸರು ಹೇಳವಾ."

"ಸುವರ್ಣಾ ಬಸಲಿಂಗಯ್ಯ ಹಿರೇಮಠ."

"ಹುಟ್ಟಿದ ತಾರೀಖು?"

"ಹನ್ನೆರಡು ಏಳು ಎರಡು ಸಾವಿರದ ಒಂದು."

ಮಾಸ್ತರರ ಬೆರಳು ಸಾಲಿನ ಮೇಲೆ ನಿಂತಿತು. "ಇಲ್ಲಿ ಏಳು ಹನ್ನೆರಡು ಐತಲ್ಲವಾ. ಡಿಸೆಂಬರ್."

ಸುವರ್ಣಾ ರಜಿಸ್ಟರಿನ ಮೇಲೆ ಬಗ್ಗಿದಳು.

ಅವಳು ಹುಟ್ಟಿದ್ದು ಜುಲೈ ಹನ್ನೆರಡಕ್ಕೆ. ಸಾಲಿಗೆ ಹಾಕುವಾಗ ಬರೆದುಕೊಂಡವರು ದಿನದ ಜಾಗದಲ್ಲಿ ತಿಂಗಳು, ತಿಂಗಳ ಜಾಗದಲ್ಲಿ ದಿನ ಬರೆದಿದ್ದರು. ಅಂದಿನಿಂದ ಅವಳಿಗೆ ಎರಡು ತಾರೀಖು, ಕಾಗದಕ್ಕೆ ಒಂದು, ಮನೆಗೆ ಒಂದು. ಇದು ಅವಳಿಗೆ ಚಿಕ್ಕಂದಿನಿಂದ ಗೊತ್ತಿದ್ದ ಸಂಗತಿ. ಅರ್ಜಿ ಹಾಕಿದ ದಿನ ಒಂದು ಚೀಟಿಯಲ್ಲಿ ಹೆಸರು, ವಿಳಾಸ, ತಾರೀಖು ಬರೆದು ಕೊಟ್ಟದ್ದು ನೆನಪಾಯಿತು. ಕೈ ತಾನಾಗಿಯೇ ಮನೆಯ ತಾರೀಖು ಬರೆದಿತ್ತು. ತೆರೆಯ ಮೇಲೆ ನೋಡಿದಾಗಲೂ ಕಣ್ಣಿಗೆ ಅದೇ ಸರಿ ಅನ್ನಿಸಿತ್ತು.

ಅವಳು ಮೆಲ್ಲನೆ ತಿರುಗಿದಳು. ಸಂಗನಬಸವ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ಇರುವವನಂತೆ ನೋಡುತ್ತಿದ್ದ.

*

ಪ್ರಮಾಣಪತ್ರ ಕೈಗೆ ಬಂತು. ಸಾಲಿಯ ಗೇಟಿನ ಹೊರಗೆ ಅವಳು ನಿಂತಳು.

"ನಿಮಗ ಗೊತ್ತಿತ್ತು."

"ಹೂಂ."

"ನನ್ನ ಚೀಟಿ ನಿಮ್ಮ ಹತ್ರನ ಇತ್ತು."

"ಟ್ರೇದಾಗ ಇತ್ರಿ."

"ಅಪ್ಪನ ಮುಂದ ಯಾಕ ಹೇಳಲಿಲ್ಲ ಅನ್ನೂದು ತಿಳೀತು. ನಿನ್ನೆ ಅಪ್ಪ ಹೋದ ಮ್ಯಾಲೆ ನಾ ಒಬ್ಬಾಕಿನ ಇದ್ದೆ. ಆವಾಗ ಯಾಕ ಹೇಳಲಿಲ್ಲ? ನಾ ನಿಮ್ಮ ಗಿರಾಕಿಗಳನ್ನ ಕಳಿಸಿದೆ. ಎರಡು ದಿನ ಬೈದೆ. ಸುಮ್ನ ಬೈಸಿಕೊಂಡ್ರಿ."

"ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡಿದಾಂವ ನಾನ ಅಲ್ರಿ? ತಾಳೆ ನೋಡಬೇಕಿತ್ತು. ನೋಡಲಿಲ್ಲ. ಅವತ್ತ ನನ್ನ ಲಕ್ಷ್ಯ ಕಾಗದದ ಮ್ಯಾಲೆ ಇರಲಿಲ್ಲ." ಅವನು ಹೆಲ್ಮೆಟ್ಟಿನ ಪಟ್ಟಿ ತಿರುವಿದ. "ಆಮ್ಯಾಲೆ... ತಪ್ಪು ನಿಮ್ದು ಅಂದಿದ್ರ ನೀವು ಬ್ಯಾರೆ ಸೆಂಟರಿಗೆ ಹೋಗತಿದ್ರಿ. ನಂದು ಅಂದ್ರ ಜಗಳಾಡಾಕ ಆದ್ರೂ ಬರತೀರಿ ಅಂತ."

ಬೇರೆ ದಿನವಾಗಿದ್ದರೆ ಆ ಮಾತಿಗೆ ಅವಳ ಎದೆ ಕರಗುತ್ತಿತ್ತೇನೋ. ಇಂದು ಕರಗಲಿಲ್ಲ. ಸಾವಂತ್ರವ್ವನ ಚೀಟಿಯಿಂದ ಹಿಡಿದು ಇವತ್ತಿನವರೆಗೆ ಎಲ್ಲರೂ ಅವಳಿಗೆ ಹೇಳಬೇಕಾದ್ದನ್ನು ಹೇಳದೆ, ನಿನಗೆ ಯಾಕೆ ಅನ್ನುತ್ತ ಬಂದಿದ್ದರು. ಇವನೂ ಅದನ್ನೇ ಮಾಡಿದ್ದ, ಮೆತ್ತಗೆ ಮಾಡಿದ್ದ ಅಷ್ಟೆ.

"ನನ್ನ ತಪ್ಪು ನನಗ ಹೇಳ್ರಿ," ಅಂದಳು. "ಅದನ್ನ ಹೊರೂವಷ್ಟು ಶಕ್ತಿ ಐತಿ ನನಗ. ಇನ್ನೊಮ್ಮೆ ನನಗ ಸುಳ್ಳು ಹೇಳಬ್ಯಾಡ್ರಿ."

ಬಸ್ಸು ಬಂತು. ಅವಳು ಹತ್ತಿದಳು. ಕಿಟಕಿಯಿಂದ ನೋಡಿದಾಗ ಅವನು ಬೈಕು ಹತ್ತುವುದನ್ನೇ ಮರೆತವನಂತೆ ನಿಂತಿದ್ದ.

*

ಮೂರನೇ ದಿನ ಮುಂಜಾನೆಯಿಂದ ಅವಳು ಶಿಕ್ಷಣ ಇಲಾಖೆಯ ಆಫೀಸಿನ ಮುಂದಿನ ಕುರ್ಚಿಯಲ್ಲಿ ಕೂತಳು. ಸಾಹೇಬರು ಮೀಟಿಂಗಿನಲ್ಲಿದ್ದರು. ಒಂದಾಯಿತು, ಮೂರಾಯಿತು. ಸಹಿ ಬಿದ್ದಾಗ ನಾಲ್ಕೂ ಮುಕ್ಕಾಲು.

ಸಿಟ್ಟು ಇನ್ನೂ ಆರಿರಲಿಲ್ಲ. ಪಕ್ಕದ ಬೀದಿಯ ಬೇರೆ ಸೆಂಟರಿಗೆ ನುಗ್ಗಿದಳು. ಅಲ್ಲಿ ಅವಳ ಮುಂದೆ ಹದಿನಾರು ಜನ. ಗೋಡೆಯ ಗಡಿಯಾರ ಐದು ತೋರಿಸುತ್ತಿತ್ತು. ಹದಿನಾರರಲ್ಲಿ ಒಬ್ಬರೂ ಸರಿಯಲಿಲ್ಲ. ಅವಳು ಫೈಲನ್ನು ಎದೆಗೊತ್ತಿಕೊಂಡು ಹೊರಬಿದ್ದಳು, ಆಟೋ ಸಿಗಲಿಲ್ಲ, ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯವರೆಗೆ ಓಡಿದಳು.

ಸೆಂಟರಿನಲ್ಲಿ ಗಿರಾಕಿ ಯಾರೂ ಇರಲಿಲ್ಲ. ಬಾಗಿಲಿಗೆ 'ಐದೂವರೆ ನಂತರ ಬರ್ರಿ' ಎಂದು ಬರೆದ ಕಾಗದ ಅಂಟಿಸಿತ್ತು. ಒಳಗೆ ಅವಳ ಅರ್ಜಿಯ ಪುಟ ತೆರೆದೇ ಇತ್ತು.

ಸಂಗನಬಸವ ತನ್ನ ಕುರ್ಚಿ ಬಿಟ್ಟು ಎದ್ದ. "ಕುಂದರ್ರಿ. ನೀವ ಹೊಡೀರಿ. ನಾ ಮುಟ್ಟೂದಿಲ್ಲ."

ಅವಳು ಕೂತಳು. ಸೊನ್ನೆ ಏಳು. ಒಂದು ಎರಡು. ಅವನು ಪ್ರಮಾಣಪತ್ರ ಸ್ಕ್ಯಾನ್ ಮಾಡಿ ಕೊಟ್ಟ. ಅವಳು ಏರಿಸಿದಳು. ಬಿಳಿ ಚಕ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಐದು ಇಪ್ಪತ್ತು. ಅವನ ಉಸಿರು ತನ್ನ ಭುಜದ ಹಿಂದೆ ನಿಂತಿರುವುದು ಅವಳಿಗೆ ತಿಳಿಯುತ್ತಿತ್ತು.

ಐದು ಇಪ್ಪತ್ತಾರಕ್ಕೆ ಹಸಿರು ಅಕ್ಷರ ಮೂಡಿತು. ಅರ್ಜಿ ಸ್ವೀಕೃತವಾಗಿದೆ.

ಸುವರ್ಣಾ ಫೋನು ತೆಗೆದು ಅಪ್ಪನಿಗೆ ಹಚ್ಚಿದಳು, ಸಂಗನಬಸವ ಕೇಳುವಂತೆಯೇ ಹೇಳಿದಳು: "ಅಪ್ಪಾ, ಆತು. ಇನ್ನೊಂದು ಮಾತು. ತಾರೀಖು ತಪ್ಪು ಬರದಾಕಿ ನಾನ. ಸೆಂಟರಿನವರ ತಪ್ಪಲ್ಲ."

"ಮತ್ತ ಆಂವ ಯಾಕ ನಂದು ಅಂದಾ?" ಅಂತ ಅಪ್ಪ ಕೇಳಿದರು.

"ಅದನ್ನ ಅವರನ್ನ ಕೇಳು," ಅಂದು ಇಟ್ಟಳು.

*

ಹನ್ನೆರಡು ದಿನಕ್ಕೆ ಸೀಟು ಹಂಚಿಕೆಯ ಪಟ್ಟಿ ಬಂತು. ಅಷ್ಟರಲ್ಲಿ ಅವಳು ಏನಾದರೊಂದು ನೆವ ಹುಡುಕಿ ನಾಲ್ಕು ಸಲ ವಿಜಯಪುರಕ್ಕೆ ಬಂದಿದ್ದಳು. ಒಂದು ಸಲ ಪ್ರಿಂಟಿಗೆ. ಒಂದು ಸಲ, ಪ್ರಿಂಟು ಸರಿ ಬಂದಿದೆಯೋ ಇಲ್ಲವೋ ಕೇಳುವುದಕ್ಕೆ.

ಕಾಲೇಜುಗಳ ಆಯ್ಕೆಯಲ್ಲಿ ವಿಜಯಪುರದ್ದನ್ನೇ ಅವಳು ಮೊದಲು ಬರೆದಿದ್ದಳು. ಸಂಗನಬಸವ ನಂಬರು ಹೊಡೆದ. ಫಲಿತಾಂಶ ಓದಿದ. ಮತ್ತೆ ಓದಿದ.

"ಸಿಕ್ಕೈತ್ರಿ," ಅಂದ. "ಬೆಳಗಾವಿ."

ಸುವರ್ಣಾ ತೆರೆಯ ಮೇಲಿನ ತನ್ನ ಹೆಸರನ್ನು ನೋಡಿದಳು. ಮೂರು ವರ್ಷ ಈ ಒಂದು ಸಾಲಿಗಾಗಿ ಅಲೆದಿದ್ದಳು. ಕುಣಿಯಬೇಕಿತ್ತು. ಕುಣಿಯಬೇಕಾದ ಹೊತ್ತಿನಲ್ಲೂ ಕಣ್ಣು ಬೆಳಗಾವಿ ಎಂಬ ಹೆಸರಿನ ಮೇಲೇ ನಿಂತಿತ್ತು, ಅದಕ್ಕೂ ಸಿಟ್ಟು ಬಂತು.

"ಖುಷಿ ಆತೇನ್ರಿ ನಿಮಗ?" ಅಂತ ಅವನನ್ನು ಕೇಳಿದಳು.

"ಅರ್ಜಿ ತುಂಬಿದಾವಗ ಆಗೇತ್ರಿ."

"ಮತ್ತ ನಿಮಗ?"

ಅವನು ಅವಳನ್ನು ನೋಡಿದ. ಈ ಸಲ ಕಣ್ಣು ಇಳಿಸಲಿಲ್ಲ. "ಸುಳ್ಳು ಹೇಳಬ್ಯಾಡ್ರಿ ಅಂದೀರಿ. ಅದಕ್ಕ ಹೇಳತೇನಿ. ಆಗಿಲ್ಲ. ಇದ ಊರಾಗ ಓದತೀರಿ, ದಿನಾ ಈ ಗಲ್ಲಿಯಾಗ ಹಾದು ಹೋಗತೀರಿ, ಒಂದಿನ ನಿಂತು ಚಹಾ ಕುಡೀತೀರಿ ಅಂತ ತಿಳಕೊಂಡಿದ್ದೆ. ಆದ್ರ ನೀವು ಹೋಗಬೇಕು. ಇದೂ ಸುಳ್ಳಲ್ಲ."

"ಹೋಗತೇನಿ. ಮೂರು ವರ್ಷ."

"ಕಾಯತೇನ್ರಿ. ನಿಮ್ಮಷ್ಟು ರೂಢಿ ಇಲ್ಲ, ಕಲೀತೇನಿ."

ಹೊರಗೆ ಯಾರೋ ಬಾಗಿಲು ತಟ್ಟಿದರು. ಇಬ್ಬರೂ ಅತ್ತ ನೋಡಲಿಲ್ಲ.

"ಬರೇ ಕಾಯತೇನಿ ಅಂದ್ರ ಆಗೂದಿಲ್ಲ," ಅಂದಳು ಅವಳು. "ಏನ್ ಕೇಳಬೇಕೋ ಬಾಯಿಬಿಟ್ಟು ಕೇಳ್ರಿ."

"ನನ್ನ ಮದಿವಿ ಆಗತೀರೇನ್ರಿ?"

"ಓದು ಮುಗದ ಮ್ಯಾಲೆ." ಅವಳು ಫೈಲು ಎತ್ತಿಕೊಂಡಳು. ಬಾಗಿಲವರೆಗೆ ಹೋಗಿ ತಿರುಗಿದಳು. ಮುಖ ತುಂಬ ನಗು, ಕಣ್ಣು ತುಂಬ ನೀರು. "ಅಲ್ಲೀತನಕ ಈ 'ರೀ' ಅನ್ನೂದರ ಬಿಡು."

*

ಬೆಳಗಾವಿಗೆ ಹೊರಟ ಮುಂಜಾನೆ ಅವನು ಬಸ್ ಸ್ಟ್ಯಾಂಡಿಗೆ ಬಂದಿದ್ದ. ಎಲ್ಲ ಕಾಗದಗಳ ಮೂರು ಮೂರು ಜೆರಾಕ್ಸ್ ಪ್ರತಿಗಳನ್ನು ಬಸಲಿಂಗಯ್ಯನವರ ಕೈಗೆ ಕೊಟ್ಟ, ನಮಸ್ಕಾರ ಮಾಡಿದ. ಸುವರ್ಣಾಳಿಗೆ ಏನೂ ಕೊಡಲಿಲ್ಲ. ಅವಳು ಕಿಟಕಿಯ ಪಕ್ಕ ಕೂತ ಮೇಲೆ ಒಮ್ಮೆ ನೋಡಿದ, ಅಷ್ಟೆ. ಆ ನೋಟ ಬಸ್ಸು ಊರು ದಾಟುವವರೆಗೂ ಅವಳ ಕೆನ್ನೆಯ ಮೇಲೆ ಬೆಚ್ಚಗೆ ಇತ್ತು.

ಬಸ್ಸು ಬಬಲೇಶ್ವರದ ರಸ್ತೆ ಹಿಡಿಯಿತು. ಅಪ್ಪ ಜೆರಾಕ್ಸ್ ಪ್ರತಿಗಳನ್ನು ಒಂದೊಂದಾಗಿ ತಿರುವಿ ನೋಡಿದರು.

"ಆ ಹುಡುಗ ಯಾಕ ಬಂದಿದ್ದ?"

"ನನ್ನ ಸಲುವಾಗಿ," ಅಂದಳು ಸುವರ್ಣಾ. "ಓದು ಮುಗದ ಮ್ಯಾಲೆ ಲಗ್ನ ಆಗೂಣು ಅಂದೇವಿ. ನಿನಗ ಹೇಳದ ಮುಂದ ಹೋಗೂದಿಲ್ಲ. ಅದಕ್ಕ ಈಗ ಹೇಳಾಕತ್ತೇನಿ."

ಬಸಲಿಂಗಯ್ಯ ಪ್ರತಿಗಳನ್ನು ಚೀಲದಲ್ಲಿ ಇಟ್ಟರು. ಚೀಲದ ಬಾಯಿ ಕಟ್ಟಿದರು. ಬಹಳ ದೂರದವರೆಗೆ ರಸ್ತೆಬದಿಯ ಹೊಲಗಳನ್ನೇ ನೋಡಿದರು. ಅವಳು ಬೈಗುಳಕ್ಕೆ ಕಾದು ಕೂತಳು. ಬಸ್ಸು ಒಂದು ಊರಿನ ಮುಂದೆ ನಿಂತು ಜನರನ್ನು ಇಳಿಸತೊಡಗಿತು.

"ಯಾ ಊರಾಂವ?" ಅಂತ ಕೇಳಿದರು ಕೊನೆಗೆ.

"ಇದ ಊರು, ಅಪ್ಪಾ. ಸಾರವಾಡ."

ಬಸಲಿಂಗಯ್ಯ ಮಗಳ ಮುಂದೆ ಬಾಗಿ, ಕಿಟಕಿಯ ಗಾಜನ್ನು ಪೂರ್ತಿ ಸರಿಸಿ ಹೊರಗೆ ನೋಡಿದರು. ಬಸ್ಸು ಹೊರಟರೂ ತಲೆ ಒಳಗೆಳೆದುಕೊಳ್ಳಲಿಲ್ಲ.

"ಬರೂಮುಂದ," ಅಂದರು, "ಇಲ್ಲಿ ಇಳದು ಒಂದು ಸುತ್ತು ನೋಡಿ ಹೋಗತೇನಿ. ಅವರ ಮನಿ ಯಾ ಕಡೆ ಅಂತ ಫೋನ್ ಮಾಡಿ ಕೇಳು."